ಮೇಲ್ಮನೆಯ ನಾಮಕರಣ: ಆಸನ ಯಾರದು?

ಹಳೆಯ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯು 1956ನೆಯ ಇಸವಿಯ ನವೆಂಬರ್ 1ರಂದು ಮೂರು ಪಾಲಾಯಿತೆಂಬುದು ಈ ಭಾಗದ ಹಿರಿಯರು ಮರೆಯತಕ್ಕ ಸಂಗತಿಯಲ್ಲ. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಆಗಿನ ಮೈಸೂರು ರಾಜ್ಯಕ್ಕೆ ಬಂದವು. ಒಂದೇ ಜಿಲ್ಲಾ ಕಚೇರಿಗೆ ಅರ್ಜಿ ಹಿಡಿದು ಹೋಗುತ್ತಿದ್ದ ನೆಂಟರಿಷ್ಟರು ಮೂರು ರಾಜಧಾನಿಗಳ ಕಡೆಗೆ ಮುಖ ಮಾಡಿ ನಿಂತರು. ಅಂದಿನ ಬೀದರ ಜಿಲ್ಲೆಯ ಈ ಮೂರು ಪಾಲುಗಳು ಇಂದು ಇರುವ ಮೂರು ರಾಜ್ಯಗಳೂ, ಅಂದರೆ ಮಹಾರಾಷ್ಟ್ರ, ತೆಲಂಗಾಣ, ಕರ್ನಾಟಕಗಳು, ಶಾಸನಸಭೆಯ ಮೇಲೆ ಇನ್ನೊಂದು ಮನೆಯನ್ನು ಇಟ್ಟುಕೊಂಡಿವೆ. ದೇಶದ 28 ರಾಜ್ಯಗಳಲ್ಲಿ ಮೇಲ್ಮನೆಯುಳ್ಳವು ಆರೇ ಆರು. ಆ ಆರರಲ್ಲಿ ಮೂರು ನಮ್ಮ ಹಳೆಯ ಜಿಲ್ಲೆಯ ವಾರಸುದಾರರು! ಮತ್ತು ಕಳೆದ ಕೆಲವು ವರ್ಷಗಳಲ್ಲಿ ಈ ಮೂರು ಮನೆಗಳಲ್ಲಿಯೂ ಒಂದೇ ಜಗಳವು ಒಂದರ ಹಿಂದೊಂದು ಎದ್ದಿತು. ನಾಮಕರಣದ ಆಸನವನ್ನು ತುಂಬತಕ್ಕವರು ಯಾರು ಎಂಬುದೇ ಆ ಜಗಳ.

ಮಹಾರಾಷ್ಟ್ರದಲ್ಲಿ 2020ನೆಯ ನವೆಂಬರಿನಲ್ಲಿ ಅಂದಿನ ಮಂತ್ರಿಮಂಡಲವು 12 ಹೆಸರುಗಳ ಪಟ್ಟಿಯನ್ನು ರಾಜ್ಯಪಾಲ ಶ್ರೀ ಭಗತಸಿಂಗ್ ಕೋಶ್ಯಾರಿಯವರಿಗೆ ಕಳುಹಿಸಿತು. ಪಟ್ಟಿಯು ರಾಜಭವನದ ಮೇಜಿನ ಮೇಲೆಯೇ ಉಳಿಯಿತು. 2021ನೆಯ ಆಗಸ್ಟಿನಲ್ಲಿ ಮುಂಬಯಿಯ ಹೈಕೋರ್ಟು, ಇಂಥ ವಿಷಯದಲ್ಲಿ ತಕ್ಕಷ್ಟು ಕಾಲದೊಳಗೆ ಹೌದೆಂದಾಗಲಿ ಅಲ್ಲವೆಂದಾಗಲಿ ತಿಳಿಸುವುದು ರಾಜ್ಯಪಾಲರ ಕರ್ತವ್ಯವೆಂದು ಅಭಿಪ್ರಾಯಪಟ್ಟಿತು. ಆದಾಗ್ಯೂ 2022ನೆಯ ಜೂನಿನಲ್ಲಿ ಆ ಸರಕಾರವೇ ಬಿದ್ದುಹೋಗುವ ತನಕ ಪಟ್ಟಿಗೆ ಮುಕ್ತಿ ದೊರೆಯಲಿಲ್ಲ. ಹೊಸ ಸರಕಾರವು ಹಳೆಯ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಅತ್ತ ತೆಲಂಗಾಣದಲ್ಲಿ 2023ನೆಯ ಸೆಪ್ಟೆಂಬರಿನಲ್ಲಿ ರಾಜ್ಯಪಾಲೆ ಶ್ರೀಮತಿ ತಮಿಳಿಸೈ ಸೌಂದರರಾಜನ್ ಅವರು ಮಂತ್ರಿಮಂಡಲವು ಸೂಚಿಸಿದ ಇಬ್ಬರನ್ನು ತಿರಸ್ಕರಿಸಿದರು. ಚುನಾವಣೆಯಲ್ಲಿ ಸರಕಾರ ಬದಲಾಯಿತು. ಹೊಸ ಸರಕಾರ ಸೂಚಿಸಿದ ಬೇರೆ ಇಬ್ಬರು 2024ನೆಯ ಜನವರಿಯಲ್ಲಿ ಕೂಡಲೆ ಒಪ್ಪಿಗೆ ಪಡೆದರು. ಮಾರ್ಚಿಯಲ್ಲಿ ಅಲ್ಲಿಯ ಹೈಕೋರ್ಟು ತಿರಸ್ಕಾರವನ್ನೂ ಹೊಸ ನಾಮಕರಣವನ್ನೂ ಎರಡನ್ನೂ ರದ್ದುಪಡಿಸಿತು. ನಮ್ಮ ಬೆಂಗಳೂರಿನಲ್ಲಿ ಏನು ನಡೆಯಿತೆಂಬುದನ್ನು ಮುಂದೆ ಹೇಳುವೆವು. ಅದು ಇವೆರಡಕ್ಕಿಂತ ಹೆಚ್ಚು ವಿಚಾರಕ್ಕೆ ಎಡೆಗೊಡುವಂಥದು.

ಬೀದರದಿಂದ ಔರಾದಿಗೆ ಹೋಗುವ ದಾರಿಯಲ್ಲಿರುವ ಜನವಾಡದ ಒಂದು ಚಹದಂಗಡಿಯಲ್ಲಿ ಆ ಊರ ಕಡೆಯ ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವರು ಹೆಚ್ಚು ಓದಿದವರಲ್ಲ. ಆದರೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಮೇಲ್ಮನೆಗೆ ಒಬ್ಬರನ್ನು ಆರಿಸುವ ಮತ ಅವರಿಗೆ ಇತ್ತು. "ನಾವು ವೋಟು ಹಾಕಿ ಕಳಿಸಿದವರೂ ಸರಕಾರದವರು ಹೆಸರು ಬರೆದು ಕಳಿಸಿದವರೂ ಅಲ್ಲಿ ಬ್ಯಾರೆ ಬ್ಯಾರೆ ಕೂಡ್ತಾರೇನ್ರಿ?" ಎಂದರು. ಇಲ್ಲ, ಒಂದೇ ಸಾಲಿನಲ್ಲಿ ಕೂಡುತ್ತಾರೆ, ಇಬ್ಬರ ಮತಕ್ಕೂ ಒಂದೇ ತೂಕ ಎಂದೆವು. ಅವರು ಬಟ್ಟಲನ್ನು ಕೆಳಗಿಟ್ಟು, "ಹಂಗಾದ್ರ ಅವರನ್ನ ಯಾಕ ಕಳಿಸೀವಿ ಅಂತ ಯಾರಿಗಾದ್ರೂ ಹೇಳಿರ್ತಾರಲ್ಲ?" ಎಂದರು. ಪತ್ರಿಕಾ ವ್ಯವಸಾಯದಲ್ಲಿ ಮೂವತ್ತು ವರ್ಷ ಕಳೆದ ನಾವು ಅದಕ್ಕೆ ಥಟ್ಟನೆ ಉತ್ತರ ಕೊಡಲಾರದೆ ಹೋದೆವು. ಏಕೆಂದರೆ ನಿಜವಾದ ಉತ್ತರವು 'ಇಲ್ಲ' ಎಂಬುದಾಗಿತ್ತು.

ಈ ಭಾಗದ ಜನರಿಗೆ ನಾಮಕರಣವೆಂಬುದು ಹೊಸ ಪದಾರ್ಥವಲ್ಲ. ನಿಜಾಮರ ಸಂಸ್ಥಾನದಲ್ಲಿ 1893ರಿಂದಲೇ ಶಾಸನ ಮಾಡುವ ಒಂದು ಕೌನ್ಸಿಲ್ ಇದ್ದಿತು. ಅದರಲ್ಲಿ ಅಧಿಕಾರಿಗಳದೇ ಮೇಲುಗೈ. ಜನರು ಜವಾಬ್ದಾರಿ ಸರಕಾರವನ್ನು ಕೇಳತೊಡಗಿದಾಗ 1937ರಲ್ಲಿ ದಿವಾನ ಬಹಾದ್ದೂರ ಅರವಮುದು ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸುಧಾರಣಾ ಸಮಿತಿಯೊಂದು ನೇಮಕವಾಯಿತು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸಿಗೆ ನಿಷೇಧ ಬಿದ್ದು ಸತ್ಯಾಗ್ರಹ ನಡೆಯಿತು. 1939ರ ಜುಲೈಯಲ್ಲಿ ಸುಧಾರಣೆಗಳು ಪ್ರಕಟವಾದವು. ಸಭೆಗೆ 85 ಮಂದಿ. ಅದರಲ್ಲಿ ಚುನಾಯಿತರು 42, ನಾಮಕರಣದವರು 43. ಆ ಒಂದೇ ಒಂದು ಆಸನದ ಹೆಚ್ಚಳವನ್ನು ವಾಚಕರು ಗಮನಿಸಬೇಕು. ಅದೇನು ಲೆಕ್ಕದ ತಪ್ಪಲ್ಲ. ಚುನಾಯಿತರೆಲ್ಲ ಒಂದಾಗಿ ಒಕ್ಕೊರಲಿನಿಂದ ಕೂಗಿದರೂ ಮತ ಎಣಿಸುವಾಗ ಸೋಲಬೇಕೆಂಬ ಉದ್ದೇಶದಿಂದ ಇಟ್ಟ ಆಸನವದು. ಚುನಾಯಿತ 42 ಮಂದಿಯಾದರೂ ಊರು ತಾಲೂಕುಗಳ ಪ್ರತಿನಿಧಿಗಳೇ? ಅದೂ ಅಲ್ಲ. ಒಕ್ಕಲಿಗರಿಗೆ ಇಷ್ಟು, ಜಾಗೀರದಾರರಿಗೆ ಇಷ್ಟು, ವಕೀಲರಿಗೆ, ವೈದ್ಯರಿಗೆ, ವ್ಯಾಪಾರಿಗಳಿಗೆ, ಪದವೀಧರರಿಗೆ ಇಷ್ಟಿಷ್ಟು ಎಂದು ವೃತ್ತಿಗಳ ಮೇಲೆ ಹಂಚಿದ್ದಾಗಿತ್ತು. ಅದರ ಮೇಲೆ ಮಂತ್ರಿಗಳು ಆ ಸಭೆಗೆ ಜವಾಬ್ದಾರರೇ ಅಲ್ಲ. ರಾಷ್ಟ್ರೀಯ ಪಕ್ಷದವರು ಇದನ್ನು ಒಪ್ಪಲಿಲ್ಲ. 1946ರಲ್ಲಿ ಸಭೆಯನ್ನು 132ಕ್ಕೆ ಹಿಗ್ಗಿಸಿ ಚುನಾವಣೆ ನಡೆಸಿದಾಗಲೂ ಸ್ಟೇಟ್ ಕಾಂಗ್ರೆಸ್ಸು ಅದನ್ನು ಬಹಿಷ್ಕರಿಸಿತು. ಎರಡು ವರ್ಷಗಳೊಳಗೆ ಅದೆಲ್ಲವೂ ಇತಿಹಾಸವಾಯಿತು.

ಮೈಸೂರಿನ ದಾರಿ ಬೇರೆ. ಅಲ್ಲಿ 1881ರ ಪ್ರಜಾಪ್ರತಿನಿಧಿ ಸಭೆಯ ಜೊತೆಗೆ 1907ರಲ್ಲಿ ನ್ಯಾಯವಿಧಾಯಕ ಸಭೆಯು ಹುಟ್ಟಿತು. ಬ್ರಜೇಂದ್ರನಾಥ ಶೀಲರ ಸಮಿತಿಯ ತರುವಾಯ 1923ರಲ್ಲಿ ಅದರ 50 ಮಂದಿಯಲ್ಲಿ 22 ಮಂದಿ ಚುನಾಯಿತರಾದರು; 1940ರ ಕಾಯಿದೆಯಿಂದ 68ರಲ್ಲಿ 44 ಮಂದಿ. ಅಂದರೆ ಹೈದರಾಬಾದಿನಲ್ಲಿ ನಾಮಕರಣದ ಬಹುಮತವನ್ನು ಒಂದು ಆಸನದಿಂದ ಕಾದುಕೊಂಡ ಕಾಲದಲ್ಲಿಯೇ ಮೈಸೂರಿನಲ್ಲಿ ಅದನ್ನು ಬಿಟ್ಟುಕೊಟ್ಟಿದ್ದರು. ಇದರಿಂದ ಮೈಸೂರಿನಲ್ಲಿ ರಾಮರಾಜ್ಯವಿತ್ತೆಂದು ನಾವು ಹೇಳುವುದಿಲ್ಲ. ಅಲ್ಲಿಯೂ ದಿವಾನರು ಸಭೆಗೆ ಜವಾಬ್ದಾರರಾಗಿರಲಿಲ್ಲ. 1947ರಲ್ಲಿ ಅಲ್ಲಿಯೂ ಜನರು ಬೀದಿಗಿಳಿಯಬೇಕಾಯಿತು.

ಸಂವಿಧಾನವು ಬಂದಾಗ ಈ ಎರಡೂ ದಾರಿಗಳ ಗುರುತು ಅದರಲ್ಲಿ ಉಳಿಯಿತು. 'ಬಿ' ವರ್ಗದ ಸಂಸ್ಥಾನಗಳಲ್ಲಿ ಮೈಸೂರಿಗೆ ಮಾತ್ರ ಮೇಲ್ಮನೆ ಕೊಟ್ಟರು, ಹೈದರಾಬಾದಿಗೆ ಕೊಡಲಿಲ್ಲ. 1952ರಲ್ಲಿ ಬೀದರ ಭಾಲ್ಕಿಯವರು ತಮ್ಮ ಜೀವಮಾನದ ಮೊದಲನೆಯ ಸಾರ್ವತ್ರಿಕ ಮತವನ್ನು ಹಾಕಿ ಆರಿಸಿದ್ದು 175 ಆಸನಗಳ ಒಂದೇ ಮನೆಯನ್ನು. ಅಲ್ಲಿ ಒಬ್ಬರೂ ಹೆಸರು ಬರೆಸಿಕೊಂಡು ಬಂದ ಸಭಾಸದರಿರಲಿಲ್ಲ. ನಾಲ್ಕು ವರ್ಷ ಕಳೆದು ಏಕೀಕರಣವಾದಾಗ, ನಾವು ತುಂಬು ಹೃದಯದಿಂದ ಬಯಸಿ ಸೇರಿದ ಕನ್ನಡ ರಾಜ್ಯದ ಸಂಗಡವೇ ಮೇಲ್ಮನೆಯೂ ನಮ್ಮ ಪಾಲಿಗೆ ಬಂದಿತು. ಬೇಕೋ ಬೇಡವೋ ಎಂದು ಯಾರೂ ನಮ್ಮನ್ನು ಕೇಳಲಿಲ್ಲ. ಆ ಸಂಭ್ರಮದಲ್ಲಿ ನಾವೂ ಕೇಳಲಿಲ್ಲ.

ಸಂವಿಧಾನ ಸಭೆಯಲ್ಲಿ ಮೇಲ್ಮನೆಯ ಬಗ್ಗೆ ಒಮ್ಮತವೇನೂ ಇರಲಿಲ್ಲ. ಒಂದೊಂದು ಪ್ರಾಂತದ ಸದಸ್ಯರು ಬೇರೆ ಬೇರೆ ಕೂಡಿ ತಮ್ಮ ಪ್ರಾಂತಕ್ಕೆ ಬೇಕೇ ಎಂದು ತೀರ್ಮಾನಿಸಿದರು. ಮಧ್ಯಪ್ರಾಂತ, ಅಸ್ಸಾಂ, ಒರಿಸ್ಸಾದವರು ಬೇಡವೆಂದರು. ಬೇಕೆಂದವರ ಮಾತನ್ನು ಒಪ್ಪಿಕೊಂಡಾಗಲೂ ಡಾ. ಅಂಬೇಡಕರರು ಇದನ್ನು ಪ್ರಯೋಗವೆಂದೇ ಭಾವಿಸಿ, ಬೇಡವಾದಾಗ ತೆಗೆದುಹಾಕುವ ಉಪಾಯವನ್ನೂ ಸಂವಿಧಾನದಲ್ಲಿಯೇ ಇರಿಸಿದರು. ಅದೇ ಈಗಿನ 169ನೆಯ ವಿಧಿ. ಮೇಲ್ಮನೆಯ ರಚನೆಯನ್ನು ಹೇಳುವ 171ನೆಯ ವಿಧಿಯ ಪ್ರಕಾರ ನಮ್ಮ ರಾಜ್ಯದ 75 ಆಸನಗಳಲ್ಲಿ 25ನ್ನು ಶಾಸನಸಭೆಯವರು, 25ನ್ನು ಸ್ಥಳೀಯ ಸಂಸ್ಥೆಯವರು, 7ನ್ನು ಪದವೀಧರರು, 7ನ್ನು ಅಧ್ಯಾಪಕರು ಚುನಾಯಿಸುತ್ತಾರೆ. ಉಳಿದ 11ಕ್ಕೆ ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ ಎಂಬ ಐದು ವಿಷಯಗಳಲ್ಲಿ ವಿಶೇಷ ಜ್ಞಾನವನ್ನಾಗಲಿ ಅನುಭವವನ್ನಾಗಲಿ ಪಡೆದವರೇ ಆಗಬೇಕು. ದೆಹಲಿಯ ರಾಜ್ಯಸಭೆಯ ನಾಮಕರಣದಲ್ಲಿ ಸಹಕಾರದ ಮಾತಿಲ್ಲ; ಅದನ್ನು ರಾಜ್ಯಗಳ ಮೇಲ್ಮನೆಗೆಂದೇ ಸೇರಿಸಿದರು. ಸಹಕಾರಿ ಬ್ಯಾಂಕಿನ ಮೂಲಕ ಸ್ವಸಹಾಯ ಸಂಘಗಳಿಗೆ ಸಾಲ ಒದಗಿಸುವ ಪದ್ಧತಿಯನ್ನು 1990ರ ದಶಕದಲ್ಲಿಯೇ ಬೆಳೆಸಿ ಹೊರಗಿನವರು ನೋಡಲು ಬರುವಂತೆ ಮಾಡಿದ ಬೀದರ ಜಿಲ್ಲೆಯು ಈ ಮಾತನ್ನು ತನ್ನದೆಂದು ಹೇಳಿಕೊಂಡರೆ ತಪ್ಪಾಗಲಾರದು.

ಈ 11 ಆಸನಗಳಿಗೆ ಇಷ್ಟೊಂದು ಎಳೆದಾಟವೇಕೆ? ಕಾರಣವು ಸರಳವಾದುದು. ಮೇಲ್ಮನೆಗೆ ಕೆಳಮನೆಯ ಮಸೂದೆಯನ್ನು ಕೊಲ್ಲುವ ಶಕ್ತಿಯಿಲ್ಲ. ಹಣದ ಮಸೂದೆಯನ್ನು 14 ದಿವಸ, ಉಳಿದುವನ್ನು ಮೊದಲು ಮೂರು ತಿಂಗಳು, ಕೆಳಮನೆಯು ಎರಡನೆಯ ಸಲ ಕಳುಹಿಸಿದಾಗ ಒಂದು ತಿಂಗಳು ತಡೆಯಬಹುದು, ಅಷ್ಟೇ. ಆದರೆ ಆ ತಡೆಯೂ ಆಳುವ ಪಕ್ಷಕ್ಕೆ ಮುಖಭಂಗವಲ್ಲವೆ? 2021ರ ಡಿಸೆಂಬರಿನಲ್ಲಿ ಶಾಸನಸಭೆಯಲ್ಲಿ ಅಂಗೀಕಾರವಾದ ಮತಾಂತರದ ಮಸೂದೆಯು ಮೇಲ್ಮನೆಯಲ್ಲಿ ಬಹುಮತವಿಲ್ಲದ್ದರಿಂದ ನಿಂತು, 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯ ರೂಪ ತಾಳಬೇಕಾಯಿತು. ಪಕ್ಷ ಬದಲಾಗಿ 2024ರ ಫೆಬ್ರವರಿಯಲ್ಲಿ ದೇವಸ್ಥಾನಗಳ ಕುರಿತ ತಿದ್ದುಪಡಿಯನ್ನು ಅದೇ ಮನೆಯು ತಿರಸ್ಕರಿಸಿತು. ಕೆಲವೇ ದಿವಸಗಳಲ್ಲಿ ಕೆಳಮನೆಯು ಅದನ್ನು ಮತ್ತೆ ಅಂಗೀಕರಿಸಬೇಕಾಯಿತು. ಬಹುಮತಕ್ಕೆ 38 ಬೇಕಾದ ಮನೆಯಲ್ಲಿ 11 ಎಂದರೆ ಕಾಲುಪಾಲಿಗಿಂತ ಹೆಚ್ಚು. ಯಾವ ಪಕ್ಷಕ್ಕೂ ಈ 11 ಬಿಟ್ಟುಕೊಡತಕ್ಕ ತುತ್ತಲ್ಲ. ಆಗ ಸಾಹಿತ್ಯವೇನು, ವಿಜ್ಞಾನವೇನು, ಕೈಯೆತ್ತುವವರಾದರೆ ಸಾಕು! 2020ರ ಡಿಸೆಂಬರ್ 15ರಂದು ಅದೇ ಮನೆಯಲ್ಲಿ ಪೀಠದಲ್ಲಿ ಕುಳಿತಿದ್ದ ಉಪಸಭಾಪತಿಯವರನ್ನು ಎಳೆದಿಳಿಸಿದ ದೃಶ್ಯವನ್ನು ನಾಡೆಲ್ಲ ನೋಡಿ ತಲೆತಗ್ಗಿಸಿತು. ಮನೆಯ ಸಂಖ್ಯಾಬಲಕ್ಕಾಗಿ ನಡೆಯುವ ಕುಸ್ತಿ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಬೆಂಗಳೂರಿನ ವಿಷಯ. 2020ರ ಜುಲೈಯಲ್ಲಿ ಐದು ಮಂದಿಯ ನಾಮಕರಣವಾಯಿತು. ಒಂದೇ ಪಟ್ಟಿಯಲ್ಲಿ ಈ ಪದ್ಧತಿಯ ಗುಣವೂ ದೋಷವೂ ಜೊತೆಜೊತೆಯಾಗಿ ಕಂಡವು. ಅದರಲ್ಲಿ ಒಬ್ಬರು ಉತ್ತರ ಕನ್ನಡದ ಶ್ರೀ ಶಾಂತಾರಾಮ ಸಿದ್ದಿಯವರು. ಆಫ್ರಿಕಾದ ಮೂಲದಿಂದ ಬಂದು ಶತಮಾನಗಳಿಂದ ನಮ್ಮ ಮಲೆನಾಡಿನಲ್ಲಿ ನೆಲೆಸಿದ ಸಿದ್ದಿ ಜನಾಂಗದವರೊಬ್ಬರು ವಿಧಾನಮಂಡಲದೊಳಗೆ ಕಾಲಿಟ್ಟದ್ದು ಅದೇ ಮೊದಲು. ಕೆಲವೇ ಸಾವಿರ ಜನರಿರುವ ಅಂಥ ಪಂಗಡಕ್ಕೆ ಯಾವ ಚುನಾವಣಾ ಕ್ಷೇತ್ರದಲ್ಲಿ ಬಹುಮತ ದೊರೆಯಬೇಕು? ಇಂಥವರಿಗಾಗಿಯೇ ಸಂವಿಧಾನದವರು ಈ ಬಾಗಿಲನ್ನು ತೆರೆದಿಟ್ಟರೆಂದು ನಾವು ಆ ದಿವಸ ಸಂತೋಷದಿಂದ ಬರೆದೆವು. ಆ ಪಟ್ಟಿಯಲ್ಲಿಯೇ ಇನ್ನೊಂದು ಹೆಸರು ಶ್ರೀ ಎ.ಎಚ್. ವಿಶ್ವನಾಥರದು. ಅವರು ಪುಸ್ತಕಗಳನ್ನು ಬರೆದವರು, ಬಹುಕಾಲ ಮಂತ್ರಿಪದವಿಯಲ್ಲಿ ದುಡಿದ ಅನುಭವಿಗಳು; ಅವರ ಯೋಗ್ಯತೆಯ ವಿಮರ್ಶೆ ನಮ್ಮ ಕೆಲಸವಲ್ಲ. ಆದರೆ 2019ರಲ್ಲಿ ಪಕ್ಷಾಂತರದ ಕಾರಣದಿಂದ ಶಾಸಕತ್ವಕ್ಕೆ ಅನರ್ಹರಾಗಿ, ಆ ವರ್ಷದ ಡಿಸೆಂಬರಿನ ಉಪಚುನಾವಣೆಯಲ್ಲಿ ಹುಣಸೂರಿನ ಮತದಾರರಿಂದ ಸೋತವರನ್ನು ಏಳೆಂಟು ತಿಂಗಳುಗಳಲ್ಲಿ ನಾಮಕರಣದ ಬಾಗಿಲಿನಿಂದ ಒಳಗೆ ಕರೆತಂದದ್ದರ ಮರ್ಮವೇನು? ಅವರನ್ನು ಮಂತ್ರಿ ಮಾಡಬಹುದೇ ಎಂಬ ಪ್ರಶ್ನೆ ಹೈಕೋರ್ಟಿಗೆ ಹೋಯಿತು. 2020ರ ನವೆಂಬರ್ 30ರಂದು ಹೈಕೋರ್ಟು, ಅನರ್ಹತೆಯು ನೀಗಬೇಕಾದರೆ ಮತ್ತೆ ಚುನಾಯಿತರಾಗಬೇಕು, ನಾಮಕರಣವು ಚುನಾವಣೆಯಲ್ಲ, ಆದಕಾರಣ ಮಂತ್ರಿಯಾಗಲು ಬರುವುದಿಲ್ಲ ಎಂದು ಹೇಳಿತು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನಾಮಕರಣವೂ ಚುನಾವಣೆಯೂ ಒಂದಲ್ಲವೆಂಬ ಸಾಮಾನ್ಯ ತಿಳಿವಳಿಕೆಯ ಮಾತನ್ನು ಹೇಳಿಸಲು ದೇಶದ ಅತ್ಯುಚ್ಚ ನ್ಯಾಯಾಲಯದ ತನಕ ಹೋಗಬೇಕಾಯಿತು!

ಒಂದು ಪಕ್ಷವನ್ನು ದೂರುವುದಕ್ಕಾಗಿ ಇದನ್ನು ಬರೆದೆವೆಂದು ಯಾರೂ ತಿಳಿಯಬಾರದು. ಎಲ್ಲ ಪಕ್ಷಗಳ ಆಳ್ವಿಕೆಯಲ್ಲಿಯೂ ಸೋತವರಿಗೆ ಸಮಾಧಾನ, ಟಿಕೇಟು ತಪ್ಪಿದವರಿಗೆ ಸಾಂತ್ವನ, ಜಾತಿಯ ಲೆಕ್ಕದ ಸರಿತೂಗಿಸುವಿಕೆ, ಇವೇ ಈ ಆಸನಗಳ ಉಪಯೋಗವಾಗಿವೆ. 2025ರಲ್ಲಿ ಖಾಲಿಯಿದ್ದ ನಾಲ್ಕು ಆಸನಗಳಿಗಾಗಿ ಹೆಸರುಗಳು ತಿಂಗಳುಗಟ್ಟಲೆ ಬೆಂಗಳೂರು ದೆಹಲಿಗಳ ನಡುವೆ ಓಡಾಡಿದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಸಮಾಜಸೇವೆ ಎಂಬ ಶಬ್ದಕ್ಕೆ ನಮ್ಮ ಜನರು ತಿಳಿಯುವ ಅರ್ಥವು ಅದು. ಬಿದರಿ ಕುಸುರಿ ಕೆಲಸದ ಶ್ರೀ ಶಾಹ್ ರಶೀದ್ ಅಹಮದ್ ಕಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಕಲೆಯೆಂದರೆ ಜನರು ತಿಳಿಯುವ ಅರ್ಥ ಇದು. ಸಂವಿಧಾನವು ಬರೆದ ಐದು ಶಬ್ದಗಳನ್ನು ಕೈಗನ್ನಡಿಯಂತೆ ಹಿಡಿದು ಮೇಲ್ಮನೆಯ ನಾಮಕರಣದ ಸಾಲನ್ನು ನೋಡಿದರೆ ಎಷ್ಟು ಮುಖಗಳು ಅದರಲ್ಲಿ ಕಾಣುತ್ತವೆ?

ಈಗ ಮುಖ್ಯ ವಾದಕ್ಕೆ ಬರೋಣ. ಮೂರು ರಾಜ್ಯಗಳ ಜಗಳದಲ್ಲಿಯೂ ಎರಡೇ ಕಕ್ಷಿಗಳು ಕಾಣುತ್ತವೆ. ಒಂದು ರಾಜಭವನ, ಇನ್ನೊಂದು ಮಂತ್ರಿಮಂಡಲ. ಚುನಾಯಿತ ಮಂತ್ರಿಗಳ ಸಲಹೆಯಂತೆ ರಾಜ್ಯಪಾಲರು ನಡೆಯಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಜವಾಬ್ದಾರಿ ಸರಕಾರಕ್ಕಾಗಿ ಹೋರಾಡಿದ ಜನರು ಬೇರೆ ರೀತಿಯಲ್ಲಿ ಹೇಳುವಂತಿಲ್ಲ. ಪಟ್ಟಿಯನ್ನು ವರ್ಷಗಟ್ಟಲೆ ತೆಕ್ಕೆಯಲ್ಲಿಟ್ಟುಕೊಂಡು ಕೂಡುವುದು ಅಧಿಕಾರದ ದುರುಪಯೋಗವೇ ಸರಿ. ಆದರೆ ರಾಜ್ಯಪಾಲರದು ತಪ್ಪೆಂದ ಮಾತ್ರಕ್ಕೆ ಮಂತ್ರಿಗಳ ಪಟ್ಟಿ ಸರಿಯಾಗುವುದೆ? ನಿಜಾಮರ 43ನೆಯ ಆಸನವನ್ನು ನಾವು ಖಂಡಿಸಿದ್ದು ಅದನ್ನು ತುಂಬುವವರು ನಿಜಾಮರೆಂಬ ಕಾರಣಕ್ಕೆ ಮಾತ್ರವೇ? ಅಲ್ಲ, ಯಾರನ್ನು ಏಕೆ ಕೂಡಿಸಿದರೆಂದು ಅವರು ಯಾರಿಗೂ ಹೇಳಬೇಕಾಗಿರಲಿಲ್ಲವೆಂಬ ಕಾರಣಕ್ಕೂ ಖಂಡಿಸಿದೆವು. ಇಂದಿನ ಮಂತ್ರಿಗಳೂ ಹೇಳುವುದಿಲ್ಲ. ಆಸನವು ರಾಜಭವನದ ಆಸ್ತಿಯಲ್ಲ, ಮಂತ್ರಿಮಂಡಲದ ಆಸ್ತಿಯೂ ಅಲ್ಲ. ಇಬ್ಬರು ಪರರು ಮೂರನೆಯವನ ಹೊಲದ ಬದುವಿಗಾಗಿ ಕೋರ್ಟು ಹತ್ತಿದಂತಿದೆ ಈ ವ್ಯಾಜ್ಯ. ಆ ಮೂರನೆಯವನು ಜನವಾಡದ ಚಹದಂಗಡಿಯಲ್ಲಿ ಕುಳಿತು ಕಾರಣವನ್ನು ಕೇಳುತ್ತಿದ್ದಾನೆ.

ನಾಮಕರಣದ ಆಸನಗಳನ್ನು ಬಿಟ್ಟರೆ ಉಳಿದ ಮನೆಯು ಆರೋಗ್ಯವಾಗಿದೆಯೆಂದೂ ಹೇಳುವಂತಿಲ್ಲ. ಸ್ಥಳೀಯ ಸಂಸ್ಥೆಗಳಿಂದ ಬೀದರ ಜಿಲ್ಲೆಗೆ ಒಂದು ಆಸನವುಂಟು. 2021ರ ಡಿಸೆಂಬರ್ 10ರಂದು ಮತದಾನವಾದಾಗ ಜಿಲ್ಲಾ ಪಂಚಾಯಿತಿ ತಾಲೂಕು ಪಂಚಾಯಿತಿಗಳ ಅವಧಿಯು ಮುಗಿದುಹೋಗಿ, ಅವುಗಳ ಚುನಾವಣೆ ನಡೆಯದೆ, ಮತದಾರರ ಪಟ್ಟಿಯಲ್ಲಿ ಆ ಸದಸ್ಯರೇ ಇರಲಿಲ್ಲ. ಸ್ಥಳೀಯ ಸಂಸ್ಥೆಗಳ ದನಿಯಾಗಬೇಕಾದ ಆಸನಕ್ಕೆ ಅರ್ಧ ಸ್ಥಳೀಯ ಸಂಸ್ಥೆಗಳೇ ಇಲ್ಲ! ಇನ್ನೊಂದು ಸೋಜಿಗವಿದೆ. ಗ್ರಾಮ ಪಂಚಾಯಿತಿಯ ಚುನಾವಣೆಯು ಪಕ್ಷದ ಚಿಹ್ನೆಯಿಲ್ಲದೆ ನಡೆಯಬೇಕೆಂಬುದು ನಮ್ಮ ಕಾಯಿದೆ. ಹಾಗೆ ಆರಿಸಿ ಬಂದ ಸದಸ್ಯರೇ ಮೇಲ್ಮನೆಗೆ ಮತ ಹಾಕುವಾಗ ಎದುರಿಗೆ ನಿಲ್ಲುವವರು ಪಕ್ಷದ ಅಭ್ಯರ್ಥಿಗಳು. ಮತದಾರರು ಕೆಲವೇ ಸಾವಿರ. ಪ್ರತಿಯೊಬ್ಬರ ಮನೆಯೂ ಅಭ್ಯರ್ಥಿಯ ಡೈರಿಯಲ್ಲಿ ಗುರುತಾಗಿರುತ್ತದೆ. ಆ ದಿವಸಗಳಲ್ಲಿ ಹಳ್ಳಿಗಳ ಸುತ್ತ ಸುಳಿಯುವ ಕಾರುಗಳ ವಿಷಯವನ್ನು ನಾವು ಬರೆಯುವುದಕ್ಕಿಂತ ವಾಚಕರೇ ಚೆನ್ನಾಗಿ ಬಲ್ಲರು.

ಪದವೀಧರರ ಮತ್ತು ಅಧ್ಯಾಪಕರ ಕ್ಷೇತ್ರಗಳ ಬಗ್ಗೆ ನಮ್ಮ ಅಭಿಪ್ರಾಯವು ಹಲವು ಮಿತ್ರರಿಗೆ ರುಚಿಸದು. 1950ರಲ್ಲಿ ಓದಿದವರು ವಿರಳ; ಅಂಥವರಿಗೊಂದು ಬಾಗಿಲು ಬೇಕೆಂಬುದಕ್ಕೆ ಅರ್ಥವಿತ್ತು. ಇಂದು ಕೆಳಮನೆಯಲ್ಲಿಯೇ ಪದವೀಧರರು ಧಾರಾಳವಾಗಿದ್ದಾರೆ. ಈಶಾನ್ಯ ಪದವೀಧರರ ಕ್ಷೇತ್ರವು ಬೀದರದಿಂದ ಬಳ್ಳಾರಿ ವಿಜಯನಗರಗಳ ತನಕ ಏಳು ಜಿಲ್ಲೆಗಳನ್ನು ಒಳಗೊಂಡಿದೆ. ಅಷ್ಟಕ್ಕೂ ಒಬ್ಬರೇ ಪ್ರತಿನಿಧಿ. ಪ್ರತಿಯೊಂದು ಚುನಾವಣೆಗೂ ಮತದಾರರ ಪಟ್ಟಿಯನ್ನು ಹೊಸದಾಗಿ ಬರೆಯಬೇಕು, ಪದವೀಧರನು ತಾನೇ ಅರ್ಜಿ ಹಾಕಬೇಕು. ಹಾಕಿಸುವವರು ಅಭ್ಯರ್ಥಿಯ ಕಡೆಯವರು. ಅವರು ಯಾರನ್ನು ಹುಡುಕಿಕೊಂಡು ಹೋಗುತ್ತಾರೆಂಬುದನ್ನು ಹೇಳಬೇಕೆ? ಬರೇ ಮ್ಯಾಟ್ರಿಕ್ ಮಾಡಿದ ನಮ್ಮಂಥವರು ಈ ಮಾತಾಡಿದರೆ ಹೊಟ್ಟೆಕಿಚ್ಚೆಂದು ನಗಬಹುದು, ನಗಲಿ. ಒಕ್ಕಲಿಗನಿಗಿಲ್ಲದ, ನೇಕಾರನಿಗಿಲ್ಲದ, ಆಶಾ ಕಾರ್ಯಕರ್ತೆಗಿಲ್ಲದ ಎರಡನೆಯ ಮತವು ಪದವಿಯ ಕಾಗದವಿದ್ದವನಿಗೆ ಏಕೆಂಬ ಪ್ರಶ್ನೆಗೆ ನ್ಯಾಯವಾದ ಉತ್ತರ ನಮಗೆ ಇದುವರೆಗೆ ದೊರೆತಿಲ್ಲ.

ಹಾಗಾದರೆ ಮನೆಯನ್ನೇ ಕೆಡವಿಬಿಡೋಣವೆ? ಪಶ್ಚಿಮ ಬಂಗಾಳವು 1969ರಲ್ಲಿ, ಪಂಜಾಬು 1970ರಲ್ಲಿ, ತಮಿಳುನಾಡು 1986ರಲ್ಲಿ ಕೆಡವಿದವು. ತಮಿಳುನಾಡಿನ ಪ್ರಕರಣಕ್ಕೆ ಕಿಡಿಯಾದುದು ಚಿತ್ರನಟಿಯೊಬ್ಬರ ನಾಮಕರಣವೇ ಎಂಬುದು ಗಮನಾರ್ಹ. ಆದರೆ ಆಂಧ್ರದ ಕಥೆ ಕೇಳಿರಿ. ಅಲ್ಲಿ 1985ರಲ್ಲಿ ಕೆಡವಿದರು. 2007ರಲ್ಲಿ ಮತ್ತೆ ಕಟ್ಟಿದರು. 2020ರ ಜನವರಿಯಲ್ಲಿ ಮೂರು ರಾಜಧಾನಿಗಳ ಮಸೂದೆಗೆ ಮೇಲ್ಮನೆಯು ಅಡ್ಡ ಬಂದಿತೆಂಬ ಸಿಟ್ಟಿಗೆ ಕೆಡವಬೇಕೆಂದು ಶಾಸನಸಭೆ ನಿರ್ಣಯಿಸಿತು. 2021ರ ನವೆಂಬರಿನಲ್ಲಿ ಬಲಾಬಲ ಬದಲಾಗಿ ಆ ನಿರ್ಣಯವನ್ನೇ ಹಿಂತೆಗೆದುಕೊಂಡಿತು. ಮನೆಯ ಇರುವಿಕೆಯೇ ಒಂದು ಬೆದರಿಕೆಯ ಕೋಲಾಗಿ ಹೋದರೆ ಅದರಲ್ಲಿ ಕುಳಿತವರು ನಿರ್ಭಯರಾಗಿ ವಿಚಾರ ಮಾಡುವುದು ಹೇಗೆ? ಕೆಡವುವುದು ಸುಧಾರಣೆಯಲ್ಲ, ಬಹಳ ಸಲ ಅದು ಸಿಟ್ಟು. ಕೆಳಮನೆಯಲ್ಲಿ ಮಸೂದೆಗಳು ಗದ್ದಲದ ನಡುವೆ ನಿಮಿಷಗಳಲ್ಲಿ ಪಾಸಾಗುವ ಈ ಕಾಲದಲ್ಲಿ, ಎರಡನೆಯ ಸಲ ಓದುವ ಕಣ್ಣೊಂದು ಇರುವುದು ಗಡಿಯ ಜಿಲ್ಲೆಗಳಿಗೆ ಒಳ್ಳೆಯದೆಂದೇ ನಮ್ಮ ಮತ. 224 ಶಾಸಕರ ಸಭೆಯಲ್ಲಿ ಬೀದರದವರು ಆರು ಮಂದಿ. ಅವರ ದನಿ ಕೇಳದೆ ಹೋದಾಗ ಇನ್ನೊಂದು ಕಡೆ ಹೇಳಿಕೊಳ್ಳುವ ಸ್ಥಳವಿದ್ದರೆ ಲಾಭವೇ ಹೊರತು ನಷ್ಟವಿಲ್ಲ.

ಹೊರದೇಶದವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರೆಂದು ನೋಡುವುದು ಉಪಯುಕ್ತ. ನಾಮಕರಣದ ಕಲ್ಪನೆಯನ್ನು ನಮ್ಮವರು ತಂದದ್ದೇ ಐರ್ಲಂಡಿನಿಂದ. ಅಲ್ಲಿ ಡಿ ವೆಲೆರಾ ಅವರು ತಮಗೆ ಅಡ್ಡಬಂದ ಮೇಲ್ಮನೆಯನ್ನು 1936ರಲ್ಲಿ ತೆಗೆದುಹಾಕಿ, 1937ರ ಹೊಸ ಸಂವಿಧಾನದಲ್ಲಿ ತಾವೇ ಮತ್ತೆ ತಂದರು. ಅದರ 60 ಆಸನಗಳಲ್ಲಿ ಪ್ರಧಾನಮಂತ್ರಿಯು ಹೆಸರಿಸುವವರು ಸರಿಯಾಗಿ 11 ಮಂದಿ, ನಮ್ಮ ಹಾಗೆಯೇ! ಸರಕಾರಕ್ಕೆ ಆ ಮನೆಯಲ್ಲಿ ಬಹುಮತ ತಪ್ಪದಿರಲೆಂಬುದೇ ಅದರ ಗುಟ್ಟು. 2013ರ ಅಕ್ಟೋಬರಿನಲ್ಲಿ ಮನೆಯನ್ನೇ ತೆಗೆದುಬಿಡೋಣವೆಂದು ಅಲ್ಲಿಯ ಸರಕಾರ ಜನಮತ ಕೇಳಿತು. ಜನರು ಕೂದಲೆಳೆಯಷ್ಟು ಅಂತರದಲ್ಲಿ, ನೂರಕ್ಕೆ 51.7ರಂತೆ, ಬೇಡವೆಂದರು. ಕೆಡವಬೇಡಿ, ಸರಿಪಡಿಸಿ ಎಂಬುದು ಅವರ ಮಾತಿನ ಅರ್ಥವೆಂದು ಬಹುಮಂದಿ ತಿಳಿದರು. ಸರಿಪಡಿಸುವ ಕೆಲಸ ಮಾತ್ರ ಆಮೆಯ ನಡಿಗೆ. ವಿಶ್ವವಿದ್ಯಾಲಯದ ಮತವನ್ನು ಎಲ್ಲ ಪದವೀಧರರಿಗೆ ವಿಸ್ತರಿಸಲು 1979ರಲ್ಲಿಯೇ ಜನರು ಒಪ್ಪಿಗೆ ಕೊಟ್ಟಿದ್ದರೂ ಕಾಯಿದೆ ಆದದ್ದು 2024ರಲ್ಲಿ, ಅದೂ ಸುಪ್ರೀಂ ಕೋರ್ಟು ಕಿವಿ ಹಿಂಡಿದ ಮೇಲೆ.

ಕೆನಡಾದ ಮೇಲ್ಮನೆಯಂತೂ ಪೂರ್ತಿಯಾಗಿ ನಾಮಕರಣದ್ದೇ. 105 ಮಂದಿ, 75 ವರ್ಷ ವಯಸ್ಸಿನ ತನಕ. 2014ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಮನೆಯನ್ನು ತೆಗೆಯಬೇಕಾದರೆ ಎಲ್ಲ ಪ್ರಾಂತಗಳೂ ಒಪ್ಪಬೇಕೆಂದು ಹೇಳಿ ಬಾಗಿಲು ಮುಚ್ಚಿತು. ಆಗ ಅವರು ಏನು ಮಾಡಿದರು? ಸಂವಿಧಾನದ ಒಂದು ಅಕ್ಷರವನ್ನೂ ಮುಟ್ಟದೆ, 2016ರಲ್ಲಿ ಸ್ವತಂತ್ರ ಸಲಹಾ ಮಂಡಳಿಯೊಂದನ್ನು ನೇಮಿಸಿದರು. ಯಾರು ಬೇಕಾದರೂ ಅರ್ಜಿ ಹಾಕಬಹುದು. ಮಂಡಳಿಯು ಯೋಗ್ಯತೆಯ ಮೇಲೆ ಹೆಸರುಗಳನ್ನು ಸೂಚಿಸುತ್ತದೆ. ಅದರಿಂದ ಪ್ರಧಾನಮಂತ್ರಿಯು ಆರಿಸುತ್ತಾರೆ. ಆ ಏರ್ಪಾಡಿಗೂ ಟೀಕೆಗಳಿಲ್ಲದಿಲ್ಲ. ಆದರೆ ಏಕೆ ಆರಿಸಿದಿರೆಂದು ಕೇಳುವವನಿಗೆ ಉತ್ತರ ಹೇಳಲು ಅಲ್ಲೊಂದು ಸ್ಥಳವಾಯಿತು.

ನಮ್ಮಲ್ಲಿ ಕೆಲಸವು ಕೆನಡಾಕ್ಕಿಂತ ಸುಲಭ. ನಮ್ಮ ವಕೀಲ ಮಿತ್ರರಲ್ಲಿ ಹಲವರು ಮೇಲ್ಮನೆಯ ಸುಧಾರಣೆಗೆ ಸಂವಿಧಾನದ ತಿದ್ದುಪಡಿ ಬೇಕು, ಅದೆಲ್ಲಾಗುತ್ತದೆ ಎಂದು ಕೈಚೆಲ್ಲುತ್ತಾರೆ. 171ನೆಯ ವಿಧಿಯ ಎರಡನೆಯ ಖಂಡವನ್ನು ಅವರು ಇನ್ನೊಮ್ಮೆ ಓದಬೇಕೆಂದು ಬಿನ್ನವಿಸುತ್ತೇವೆ. ಪಾರ್ಲಿಮೆಂಟು ಕಾಯಿದೆಯ ಮೂಲಕ ಬೇರೆ ರೀತಿಯಲ್ಲಿ ಗೊತ್ತುಪಡಿಸುವ ತನಕ ಮಾತ್ರ ಈಗಿನ ರಚನೆಯು ನಡೆಯಬೇಕೆಂದು ಅಲ್ಲಿ ಬರೆದಿದೆ. ಅಂದರೆ ಇದು ತಾತ್ಕಾಲಿಕ ಏರ್ಪಾಡು. ಸಾಮಾನ್ಯ ಕಾಯಿದೆಯೊಂದರಿಂದ ಬದಲಾಯಿಸಬಹುದಾದದ್ದು. 1950ರಿಂದ ಇಂದಿನ ತನಕ ಪಾರ್ಲಿಮೆಂಟು ಆ ಅಧಿಕಾರದಿಂದ ಈ ಪಾಲುಗಳನ್ನು ಬದಲಾಯಿಸಿಲ್ಲ. ಪದವೀಧರರ ಆಸನಗಳನ್ನು ಒಕ್ಕಲುತನ, ಕೈಗಾರಿಕೆ, ಆರೋಗ್ಯ ಮುಂತಾದ ಕಾಯಕಗಳಿಗೆ ಹಂಚಬೇಕೆಂದಾಗಲಿ, ಸ್ಥಳೀಯ ಸಂಸ್ಥೆಗಳು ಅಸ್ತಿತ್ವದಲ್ಲಿಲ್ಲದಾಗ ಆ ಚುನಾವಣೆ ನಡೆಯಕೂಡದೆಂದಾಗಲಿ, ಕೆಳಮನೆಯ ಚುನಾವಣೆಯಲ್ಲಿ ಸೋತವರಿಗೆ ಆ ಸಭೆಯ ಅವಧಿ ಮುಗಿಯುವ ತನಕ ನಾಮಕರಣವಿಲ್ಲವೆಂದಾಗಲಿ ಕೇಳುವುದಾದರೆ ಕೇಳತಕ್ಕ ಸ್ಥಳ ದೆಹಲಿ. ಮೇಲ್ಮನೆಯುಳ್ಳ ಆರು ರಾಜ್ಯಗಳ ಪಾರ್ಲಿಮೆಂಟು ಸದಸ್ಯರು ಪಕ್ಷಭೇದ ಬಿಟ್ಟು ಇದನ್ನು ಎತ್ತುವರೆಂದು ನಾವು ನಂಬಿ ಕೂಡುವುದಿಲ್ಲ. ಆದರೆ ನಮ್ಮ ಭಾಗದ ಸದಸ್ಯರನ್ನು ಅವರು ಊರಿಗೆ ಬಂದಾಗ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ನಾಮಕರಣದ ಕಾರಣವನ್ನು ಹೇಳುವುದಕ್ಕೆ ದೆಹಲಿಯ ತನಕವೂ ಹೋಗಬೇಕಾಗಿಲ್ಲ. ಖಾಲಿ ಬೀಳಲಿರುವ ಆಸನಗಳ ದಿನಾಂಕವನ್ನು ಮೂರು ತಿಂಗಳು ಮುಂಚೆ ಪ್ರಕಟಿಸುವುದು. ಜಿಲ್ಲೆಗಳ ಸಾಹಿತ್ಯ ಸಂಸ್ಥೆ, ಸಹಕಾರಿ ಸಂಘ, ಪಂಚಾಯಿತಿಗಳಿಂದ ಹೆಸರುಗಳನ್ನು ಬರಮಾಡಿಕೊಳ್ಳುವುದು. ಆರಿಸಿದ ಮೇಲೆ ಐದರಲ್ಲಿ ಯಾವ ವಿಷಯಕ್ಕೆ, ಯಾವ ಕೆಲಸವನ್ನು ನೋಡಿ ಆರಿಸಿದೆವೆಂದು ಹೆಸರಿನ ಮುಂದೆ ನಾಲ್ಕು ಸಾಲು ರಾಜ್ಯಪತ್ರದಲ್ಲಿ ಅಚ್ಚು ಹಾಕಿಸುವುದು. ಇದಕ್ಕೆ ಮಂತ್ರಿಮಂಡಲದ ಒಂದು ನಿರ್ಣಯ ಸಾಕು. ಆ ನಾಲ್ಕು ಸಾಲುಗಳನ್ನು ನಮ್ಮ ಪತ್ರಿಕೆಯಲ್ಲಿ ವೆಚ್ಚವಿಲ್ಲದೆ ಪ್ರಕಟಿಸಲು ನಾವು ಸಿದ್ಧರಿದ್ದೇವೆ. ಅದರ ಒಂದು ಪ್ರತಿಯನ್ನು ಜನವಾಡದ ಚಹದಂಗಡಿಗೆ ನಾವೇ ಒಯ್ದು ಕೊಡುವೆವು.